ಸಾರ್ಜೆಂಟರ ಎರಡನೆಯ ಪದಕ

ನಮ್ಮ ಕ್ರಾನ್‌ಬರ್ನ್ ಮನೆಯ ಗ್ಯಾರೇಜಿನಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಇದೆ. ಸಿಡ್ನಿಯಿಂದ ಮೆಲ್ಬರ್ನ್‌ಗೆ ಬಂದು ನಾಲ್ಕು ವರ್ಷವಾದರೂ ಅದನ್ನು ಎಸೆದಿಲ್ಲ. ಅದರ ಮೈಮೇಲೆ ಕಪ್ಪು ಮಾರ್ಕರ್ ಪೆನ್ನಿನಲ್ಲಿ, ಇಂಗ್ಲಿಷಿನ ದಪ್ಪಕ್ಷರಗಳಲ್ಲಿ ಬರೆದಿದೆ: ‘ಪೆಟ್ಟಿಗೆ 41. ಸೌಟು, ಮರದ್ದು, ಮೂರು. ಲಟ್ಟಣಿಗೆ, ಒಂದು. ದೇವರು, ಬೆಳ್ಳಿ, ಎರಡು. ದೇವರು, ಹಿತ್ತಾಳೆ, ಆನೆಮುಖ, ಒಂದು. ಎಲ್ಲವೂ ಸುಸ್ಥಿತಿಯಲ್ಲಿವೆ.’ ದೇವರುಗಳು ಬಂದ ದಿನವೇ ಹೊರಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಪೆಟ್ಟಿಗೆ ಮಾತ್ರ ಉಳಿಯಿತು.

ನಾವು ಹೊರಡುವಾಗ ಸಾಮಾನು ಕಟ್ಟಿಕೊಟ್ಟು ಹಾಗೆ ಬರೆದವರು ಹೋದ ತಿಂಗಳು ತಮ್ಮ ದ್ವೀಪದ ಹಳ್ಳಿಯಲ್ಲಿ ತೀರಿಕೊಂಡರು. ಅವರ ಮಗಳು ಲಿತಿಯಾ ಸಿಡ್ನಿಯಿಂದ ಫೋನ್ ಮಾಡಿದ್ದಳು. ಅಳುತ್ತಾ ಶುರುಮಾಡಿದವಳು, ಐದು ನಿಮಿಷದಲ್ಲಿ ನಗುತ್ತಿದ್ದಳು. ನಾನೂ ಅಷ್ಟೆ. ಅವರ ವಿಷಯ ಮಾತಾಡುವಾಗ ಯಾರಿಗೂ ಬಹಳ ಹೊತ್ತು ಅಳುವುದಕ್ಕೆ ಆಗುವುದಿಲ್ಲ.

ಎಂಬತ್ತೊಂಬತ್ತರಲ್ಲಿ ನಾವು ಬೆಂಗಳೂರಿನಿಂದ ಬಂದು ಸಿಡ್ನಿಯ ಎಪ್ಪಿಂಗ್‌ನಲ್ಲಿ ಒಂದು ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ ಯೂನಿಟ್ ಹಿಡಿದೆವು. ನಾವು ಮೇಲೆ, ಅವರು ಕೆಳಗೆ. ಹಿತ್ತಲಿನಲ್ಲಿ ಎಲ್ಲರಿಗೂ ಸೇರಿ ಒಂದೇ ಬಟ್ಟೆ ಒಣಹಾಕುವ ತಂತಿ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ದಿಢೀರನೆ ಮಳೆ ಬಂತು. ನನ್ನ ಸೀರೆಯ ಜೊತೆಗೆ ಕೆಳಗಿನ ಮನೆಯವರ ಬಟ್ಟೆಯನ್ನೂ ಬಾಚಿಕೊಂಡು ಓಡಿದೆ. ಅದರಲ್ಲೊಂದು ದಪ್ಪ ಬಿಳೀ ಬಟ್ಟೆಯ ಲಂಗ. ಕೆಳಗಿನ ಅಂಚನ್ನು ಗರಗಸದ ಹಲ್ಲಿನ ಹಾಗೆ ಮೂಲೆಮೂಲೆಯಾಗಿ ಕತ್ತರಿಸಿ ಹೊಲಿದಿದ್ದರು. ಮಡಿಸಿ ಕೊಟ್ಟು, “ನಿಮ್ಮ ಪೆಟಿಕೋಟ್ ನೆನೆಯಲಿಲ್ಲ” ಎಂದೆ.

ಬಾಗಿಲು ತೆರೆದಾಕೆ ಎತ್ತರದ, ಮೈತುಂಬಿದ ಹೆಂಗಸು. ಆ ಲಂಗವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಕ್ಕರು. “ಸಾರ್ಜೆಂಟ್! ಬನ್ನಿ ಇಲ್ಲಿ! ನಿಮ್ಮ ಪೆಟಿಕೋಟ್ ಬಂದಿದೆ!”

ಒಳಗಿನಿಂದ ಬಂದವರನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆರಡಿ ಮೀರಿದ ಆಳು, ನೆರೆತ ಗುಂಗುರು ಕೂದಲು, ಬಾಗಿಲಿನಷ್ಟೇ ಅಗಲದ ಭುಜ. ಬಿಳೀ ಬಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಗಂಭೀರವಾಗಿ ಹೇಳಿದರು: “ಇದು ಸುಲು, ಮರಾಮಾ. ಫಿಜಿಯ ಸೈನ್ಯದ ಸಮವಸ್ತ್ರ. ಇದನ್ನು ಉಟ್ಟುಕೊಂಡು ನಾವು ಪರೇಡ್ ಮಾಡುತ್ತೇವೆ. ಮಳೆಯಿಂದ ಉಳಿಸಿದ್ದಕ್ಕೆ ಸೈನ್ಯದ ಪರವಾಗಿ ವಂದನೆ.”

ಮರಾಮಾ ಎಂದರೆ ಅವರ ಭಾಷೆಯಲ್ಲಿ ‘ಅಮ್ಮಾವ್ರೇ’ ಎನ್ನುವ ಹಾಗೆ. ಅವತ್ತಿನಿಂದ ನಾನು ಅವರಿಗೆ ಮರಾಮಾ, ಅವರು ನನಗೆ ಸಾರ್ಜೆಂಟ್. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದುದು. ಆದರೆ ನೆನಪಿನಲ್ಲಿ ಅವರು ನನ್ನ ಜೊತೆ ಕನ್ನಡವನ್ನೇ ಆಡುತ್ತಾರೆ, ಏನು ಮಾಡಲಿ.

ಇಪ್ಪತ್ತಾರು ವರ್ಷ ಅವರು ಸೈನ್ಯದ ಉಗ್ರಾಣ ನೋಡಿಕೊಂಡವರು. ಬೂಟು, ಕಂಬಳಿ, ಕಾಲುಚೀಲ, ತಟ್ಟೆ, ಸೂಜಿ. ಯಾರು ಏನು ಕೇಳಿದರೂ ಪುಸ್ತಕದಲ್ಲಿ ಸಹಿ ಹಾಕಬೇಕು. ಇಪ್ಪತ್ತಾರು ವರ್ಷದಲ್ಲಿ ಒಂದು ಸಾಮಾನೂ ಕಳೆದಿಲ್ಲವೆಂಬುದು ಅವರ ಹೆಗ್ಗಳಿಕೆ. “ಸಾಮಾನು ತಾನಾಗಿ ಕಳೆಯೋದಿಲ್ಲ, ಮರಾಮಾ. ಮನುಷ್ಯ ಬೇರೆ ಕಡೆ ನೋಡ್ತಾನೆ, ಅಷ್ಟೇ” ಎನ್ನುತ್ತಿದ್ದರು. ನಾನು ಕನ್ನಡಕ ಹುಡುಕುವಾಗಲೆಲ್ಲ ಈ ಮಾತು ನೆನಪಾಗಿ ಸಿಟ್ಟು ಬರುತ್ತದೆ.

ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಅವರ ಪಡೆ ಶಾಂತಿ ಕಾಯಲು ಲೆಬನಾನಿಗೆ ಹೋಗಿತ್ತು. ಅಲ್ಲಿನ ಒಬ್ಬ ಮುದುಕಿ ದಿನಾ ಬೆಳಿಗ್ಗೆ ಬಿಸಿ ರೊಟ್ಟಿ ತಂದು ಕೊಡುತ್ತಿದ್ದಳಂತೆ. ಇವರು ತಮ್ಮ ಪಾಲಿನ ಹಾಲಿನ ಡಬ್ಬಿಯನ್ನು ಅವಳಿಗೆ ಕೊಡುತ್ತಿದ್ದರು. ತಮ್ಮದೇ ಪಾಲು, ಆದರೂ ಸಹಿ ಬೇಕು! ಅವಳಿಗೆ ಬರೆಯಲು ಬಾರದು. ಪುಸ್ತಕದಲ್ಲಿ ಪ್ರತಿ ದಿನ ಒಂದು ಆಲಿವ್ ಎಲೆಯ ಚಿತ್ರ ಬರೆದು ಹೋಗುತ್ತಿದ್ದಳು. “ಆಮೇಲಾಮೇಲೆ ಎಲೆಯ ಜೊತೆ ಕಾಯಿ ಕೂಡ ಬರೆಯೋಕೆ ಶುರುಮಾಡಿದಳು. ಕರ್ನಲ್ ಸಾಹೇಬರು ತಪಾಸಣೆಗೆ ಬಂದು ಇದೇನು ಉಗ್ರಾಣವೋ ತೋಟವೋ ಅಂದರು.”

ಸಿಡ್ನಿಯಲ್ಲಿ ಅವರ ಕೆಲಸ ಶಾಲೆಯ ಮುಂದೆ ಮಕ್ಕಳಿಗೆ ರಸ್ತೆ ದಾಟಿಸುವುದು. ಕೋಲಿನ ತುದಿಯಲ್ಲಿ ‘ಸ್ಟಾಪ್’ ಎಂದು ಬರೆದ ದುಂಡನೆಯ ಹಲಗೆ. ಅದನ್ನು ಬಂದೂಕಿನಂತೆ ಭುಜಕ್ಕೆ ಒರಗಿಸಿ ನಡುರಸ್ತೆಗೆ ಬಂದು ಹಿಮ್ಮಡಿ ಕೂಡಿಸಿ ನಿಂತರೆ ಲಾರಿಗಳು ಕೂಡ ಉಸಿರು ಹಿಡಿದು ನಿಲ್ಲುತ್ತಿದ್ದವು. ಎರಡೆರಡು ಸಾಲಾಗಿ ನಿಲ್ಲದ ಹೊರತು ಮಕ್ಕಳನ್ನು ದಾಟಲು ಬಿಡುತ್ತಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಹನ್ನೊಂದು ವರ್ಷ ಸಾಲಾಗಿ ನಿಂತವಳು ನಾನು. ಮೊದಲ ದಿನ ಮಗಳ ಕೈಹಿಡಿದು ಹೋದಾಗ ನನಗರಿವಿಲ್ಲದೆ ನಾನೂ ಸಾಲಿಗೆ ಸೇರಿಕೊಂಡೆ. “ಮಮ್ಮಿ, ಯು ಡೋಂಟ್ ಹ್ಯಾವ್ ಟು!” ಎಂದು ಮಗಳು ನಾಚಿಕೆಯಿಂದ ಕೈ ಕೊಡವಿದಳು. ಸಾರ್ಜೆಂಟ್ ಮಾತ್ರ ನನ್ನ ಕಡೆ ನೋಡಿ, “ನಿಮಗೆ ಒಳ್ಳೆಯ ತರಬೇತಿ ಆಗಿದೆ” ಎಂದರು. ಅವರು ಯಾರನ್ನೂ ಅದಕ್ಕಿಂತ ಹೆಚ್ಚು ಹೊಗಳಿದ್ದನ್ನು ನಾನು ಕೇಳಿಲ್ಲ.

ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಶರ್ಟಿಗೆ ಇಸ್ತ್ರಿ ಹಾಕುತ್ತಾ ಹಾಡಿಕೊಳ್ಳುತ್ತಿದ್ದರು. ಆಳವಾದ, ಸಾವಕಾಶದ ದನಿ. ನಾನು ಕಾನ್ವೆಂಟಿನಲ್ಲಿ ಕಲಿತ ರಾಗಗಳೇ. ಮೇಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ನಾನು ನಮ್ಮ ಸಿಸ್ಟರ್ ಹೇಳಿಕೊಟ್ಟ ಎರಡನೆಯ ದನಿಯನ್ನು ಸೇರಿಸುತ್ತಿದ್ದೆ. ಅವರು ಒಂದು ಕ್ಷಣ ನಿಲ್ಲಿಸಿ, ಆಮೇಲೆ ಸ್ವಲ್ಪ ಜೋರಾಗಿ ಮುಂದುವರಿಸುತ್ತಿದ್ದರು. ಇದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಲಿಲ್ಲ.

ನಮ್ಮ ಮಸಾಲೆ ಅಂಗಡಿಯಾಕೆ ಫಿಜಿಯ ಹಿಂದಿಯವಳು. ಎಂಬತ್ತೇಳರಲ್ಲಿ ಅಲ್ಲಿ ಭಾರತೀಯ ಮೂಲದವರೇ ಹೆಚ್ಚಿದ್ದ ಸರ್ಕಾರವನ್ನು ಸೈನ್ಯವೇ ಕೆಳಗಿಳಿಸಿದ ಮೇಲೆ ಮನೆಮಠ ಬಿಟ್ಟು ಬಂದವಳು. “ಸೈನ್ಯದವನ ಮನೆ ಮೇಲೆ ಹೇಗೆ ನಿದ್ದೆ ಮಾಡ್ತೀಯ ಬೆಹನ್?” ಎಂದು ಕೇಳಿದಳು. ಆ ಮಾತು ಕೊರೆಯಿತು. ಒಂದು ದಿನ ಹಿಂಜರಿಯುತ್ತಲೇ ಸಾರ್ಜೆಂಟರಿಗೆ ಹೇಳಿದೆ. ಅವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. “ಆಗ ನಾನು ನಿವೃತ್ತಿಯಾಗಿ ಊರಲ್ಲಿ ಮರಗೆಣಸು ನೆಡ್ತಿದ್ದೆ, ಮರಾಮಾ. ಉಗ್ರಾಣದಲ್ಲಿ ಇದ್ದಿದ್ದರೆ ಅವತ್ತು ಯಾರಿಗೂ ಒಂದು ಬೂಟ್ ಲೇಸನ್ನೂ ಕೊಡ್ತಿರಲಿಲ್ಲ.” ಮುಂದಿನ ಶನಿವಾರ ಹಿತ್ತಲಿನ ಕೆಸುವಿನ ಎಲೆಯ ಕಟ್ಟು ಹಿಡಿದು ತಾವೇ ಆ ಅಂಗಡಿಗೆ ಹೋದರು. ಏನು ಮಾತಾಡಿದರೋ ತಿಳಿಯದು. ತಿಂಗಳೊಳಗೆ ಅವರಿಗೆ ಸಿಗುತ್ತಿದ್ದ ಹಸಿಮೆಣಸಿನಕಾಯಿ ನನಗೆ ಸಿಗುವುದಕ್ಕಿಂತ ತಾಜಾ ಇರುತ್ತಿತ್ತು.

ಇಷ್ಟು ಬಿಗಿಯಾದ ಉಗ್ರಾಣದ ಮನುಷ್ಯ ಮನೆಯಲ್ಲಿ ಮಾತ್ರ ಪೂರಾ ಬೇರೆ. ನನಗೆ ಇದು ಗೊತ್ತಾಗುವುದಕ್ಕೆ ಸ್ವಲ್ಪ ಕಾಲ ಹಿಡಿಯಿತು. ನಮ್ಮ ಕಡೆ ಯಾರ ಮನೆಗೆ ಹೋದರೂ ಒಂದೆರಡು ವಸ್ತು ನೋಡಿ ಚೆನ್ನಾಗಿದೆ ಅನ್ನಬೇಕು, ಅದು ಮರ್ಯಾದೆ. ಅವರ ಹಾಲಿನಲ್ಲಿ ಹಾಸಿದ್ದ ಚಾಪೆಯ ಉಣ್ಣೆಯ ಕುಚ್ಚು ನೋಡಿ “ಎಷ್ಟು ಚೆಂದ!” ಎಂದೆ. ಸಂಜೆ ಚಾಪೆ ನಮ್ಮ ಮನೆಯಲ್ಲಿತ್ತು. ಮರದ ಬೋಗುಣಿ ಚೆನ್ನಾಗಿದೆ ಎಂದೆ. ಅದೂ ಬಂತು. ನಮ್ಮವರು ಆಫೀಸಿನಿಂದ ಬಂದು ಟೈ ಸಡಿಲಿಸುತ್ತಾ, “ಏನೇ ಇದು, ಕೆಳಗಿನ ಮನೆ ದೋಚ್ತಾ ಇದ್ದೀಯಾ?” ಎಂದರು.

ಕೊನೆಗೆ ಲಿತಿಯಾ, ಅವಳು ಆಸ್ಪತ್ರೆಯಲ್ಲಿ ನರ್ಸ್, ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದಳು. “ಆಂಟಿ, ದಯವಿಟ್ಟು ನಮ್ಮ ಮನೇಲಿ ಯಾವುದನ್ನೂ ಚೆನ್ನಾಗಿದೆ ಅನ್ನಬೇಡಿ. ನಮ್ಮಲ್ಲಿ ಅಕ್ಕಪಕ್ಕದವರು ಹಾಗಂದರೆ ಕೇಳಿದ ಹಾಗೆ. ಕೇಳಿದ ಮೇಲೆ ಇಲ್ಲ ಅನ್ನೋ ಹಾಗಿಲ್ಲ. ಅಪ್ಪ ಕ್ಯಾಂಪಿನಲ್ಲಿ ಸೂಜಿ ಕೊಡದವನು, ಮನೇಲಿ ಸೋಫಾನೂ ಎತ್ತಿಕೊಡ್ತಾನೆ. ನನಗೆ ಕೂತ್ಕೊಳೋಕೆ ಬೇಕು ಅದು.”

ನನಗೆ ನಾಚಿಕೆಯಿಂದ ಮುಖ ಕೆಂಪಾಯಿತು. ನಮ್ಮಲ್ಲಾದರೆ ಯಾರಾದರೂ ಬಹಳ ಹೊಗಳಿದರೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆಯುತ್ತೇವೆ. ಇವರು ವಸ್ತುವನ್ನೇ ತೆಗೆದು ಕೊಟ್ಟುಬಿಡುತ್ತಾರೆ. ಆಮೇಲೆ ಅವರ ಮನೆಗೆ ಹೋದರೆ ಹವಾಮಾನದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಹಾಗೆ ಎಂಟು ತಿಂಗಳು ಬಾಯಿ ಕಟ್ಟಿಕೊಂಡಿದ್ದವಳು, ಅಕ್ಟೋಬರಿನಲ್ಲಿ ಸೋತೆ. ಅವರ ದೇಶದ ಸ್ವಾತಂತ್ರ್ಯ ದಿನಕ್ಕೆ ಹಳೆಯ ಸಿಪಾಯಿಗಳೆಲ್ಲ ಚರ್ಚಿನಲ್ಲಿ ಸೇರುವುದಿತ್ತು. ಸಾರ್ಜೆಂಟ್ ಮೇಜಿನ ಮೇಲೆ ಪೇಪರ್ ಹಾಸಿ ತಮ್ಮ ಎರಡು ಪದಕಗಳನ್ನು ಉಜ್ಜುತ್ತಿದ್ದರು. ಒಂದು ಯೌವನದಲ್ಲಿ ಮಲಯಾದ ಕಾಡಿಗೆ ಹೋಗಿದ್ದಾಗಿನದು. ಇನ್ನೊಂದು ಲೆಬನಾನಿನದು. ಆ ಎರಡನೆಯದರ ರಿಬ್ಬನ್! ಎರಡು ಕಡೆ ತಿಳಿನೀಲಿ, ಒಳಗೆ ಹಸಿರು, ನಡುವೆ ಬಿಳಿ, ಬಿಳಿಯ ನಡುವೆ ಎಳೆಯಷ್ಟು ಕೆಂಪು. ಟೀ ಕಪ್ಪು ಕೈಯಲ್ಲಿ ಹಿಡಿದವಳು, “ಅಯ್ಯೋ, ಎಂಥಾ ಬಣ್ಣ! ಇಂಥ ಅಂಚಿನ ಸೀರೆಗೆ ನಾನು ಬೆಂಗಳೂರೆಲ್ಲ ಅಲೆದಿದ್ದೆ” ಎಂದುಬಿಟ್ಟೆ. ಅವರ ಹೆಂಡತಿಯ ಕೈಯಲ್ಲಿದ್ದ ಚಮಚ ನಿಂತಿತು.

ಮರುದಿನ ಬೆಳಿಗ್ಗೆ ಸಾರ್ಜೆಂಟ್ ನಮ್ಮ ಬಾಗಿಲಿಗೆ ಬಂದರು. ಅಷ್ಟು ದೊಡ್ಡ ದೇಹ ಹೊಸ್ತಿಲ ಹೊರಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕರವಸ್ತ್ರದಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಚಾಚಿತು.

“ಬೇಡ ಸಾರ್ಜೆಂಟ್! ನಾನು ಸುಮ್ಮನೆ ಬಣ್ಣಕ್ಕೆ ಹೇಳಿದ್ದು. ಇದು ನಿಮ್ಮದು.”

“ನಿನ್ನೆ ಮಧ್ಯಾಹ್ನದವರೆಗೆ ನನ್ನದಾಗಿತ್ತು.”

ಮೆಟ್ಟಿಲ ಕೆಳಗೆ ಅವರ ಹೆಂಡತಿ ನಿಂತು, ತೆಗೆದುಕೋ ಎಂದು ಕಣ್ಣಿನಲ್ಲೇ ಹೇಳಿದರು. ತೆಗೆದುಕೊಂಡೆ. ದೇವರ ಮುಂದೆ, ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟೆ. ನಿಜ ಹೇಳಬೇಕೆಂದರೆ ಆರು ತಿಂಗಳು ನನಗೆ ಅದರಿಂದ ಇರುಸುಮುರುಸೇ ಆಯಿತೇ ಹೊರತು, ಅದರಿಂದ ಅವರಿಗೆ ಏನಾಗುತ್ತಿದೆ ಎಂದು ಹೊಳೆಯಲಿಲ್ಲ.

ಏಪ್ರಿಲ್ ಶುರುವಿನಲ್ಲಿ ತಂತಿಗೆ ಬಟ್ಟೆ ಹಾಕುವಾಗ ಲಿತಿಯಾ ಹೇಳಿದಳು. ಇಪ್ಪತ್ತೈದನೆಯ ತಾರೀಖಿನ ಸೈನಿಕರ ಮೆರವಣಿಗೆಗೆ ಈ ಸಲ ಅಪ್ಪ ಹೋಗುವುದಿಲ್ಲವಂತೆ.

“ಯಾಕೆ? ಮಂಡಿ ನೋವಾ?”

ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೆಗೆದು ತಂತಿಗೆ ಸಿಕ್ಕಿಸಿದಳು. “ಆಂಟಿ, ನಾನು ಹೇಳಿದೆ ಅನ್ನಬೇಡಿ. ಅಕ್ಟೋಬರಿನಲ್ಲಿ ಒಂದೇ ಮೆಡಲ್ ಹಾಕ್ಕೊಂಡು ಹೋಗಿದ್ದ. ಇನ್ನೊಂದೆಲ್ಲಿ ಅಂತ ಕೇಳಿದರು. ಕಳೆದುಹೋಯ್ತು ಅಂದ.”

“ಕಳೆದುಹೋಯ್ತಾ?”

“ಇನ್ನೇನನ್ನಬೇಕು? ನಿಮಗೆ ಕೊಟ್ಟೆ ಅಂದರೆ ಅವರೆಲ್ಲ ನಿಮ್ಮನ್ನ ಏನಂದುಕೊಳ್ತಾರೆ? ಈಗ ಎಲ್ಲರಿಗೂ ಅದೇ ತಮಾಷೆ. ಇಪ್ಪತ್ತಾರು ವರ್ಷ ನಮ್ಮ ಕಾಲುಚೀಲ ಎಣಿಸಿದವನು ತನ್ನ ಮೆಡಲ್ ಕಳ್ಕೊಂಡ ಅಂತ. ಅಪ್ಪನೂ ಅವರ ಜೊತೆ ನಗ್ತಾನೆ. ಮನೆಗೆ ಬಂದು ಊಟ ಮಾಡೋದಿಲ್ಲ.”

ನನ್ನ ಒಂದು ಮಾತಿಗೆ ಒಬ್ಬ ಮನುಷ್ಯ ತನ್ನ ಹೆಸರನ್ನೇ ತೆಗೆದು ಕೊಟ್ಟಿದ್ದ. ಒದ್ದೆ ದುಪ್ಪಟಿ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ.

ಅವತ್ತೇ ಸಂಜೆ ಪದಕ ಹಿಡಿದು ಕೆಳಗೆ ಹೋದೆ. ಅವರು ಕೈ ಚಾಚಲೇ ಇಲ್ಲ. “ಕೊಟ್ಟಿದ್ದು ವಾಪಸ್ ಬಂದರೆ, ನಾನೇನು ತಪ್ಪು ಮಾಡಿದೆ ಅಂತ ಕೇಳಬೇಕಾಗುತ್ತೆ. ಏನು ತಪ್ಪು ಮಾಡಿದೆ, ಮರಾಮಾ?” ಅಷ್ಟು ಮೆಲ್ಲಗೆ ಕೇಳಿದರು. ನಾನು ಹಾಗೇ ಮೇಲೆ ಬಂದೆ.

ನಮ್ಮವರು ಎಂಜಿನಿಯರು, ಉಪಾಯಗಳಿಗೆ ಕೊರತೆಯಿಲ್ಲ. “ಅವರದೇ ರೂಲ್ ಹಿಡಿ. ಷೋಕೇಸಿನ ನಟ್ಟನಡುವೆ ಇಡು, ಟೀಗೆ ಕರಿ. ಚೆನ್ನಾಗಿದೆ ಅಂತ ಅವರು ಅಂದರೆ ಸಾಕು, ಎತ್ತಿ ಕೊಟ್ಟುಬಿಡೋಣ.”

ಕರೆದೆವು. ಸಾರ್ಜೆಂಟ್ ಬಂದರು, ಷೋಕೇಸಿಗೆ ಸರಿಯಾಗಿ ಎದುರು ಕುಳಿತರು. ಕೋಡುಬಳೆ ತಿಂದರು. ಚಾವಣಿ ನೋಡಿದರು, ಕಿಟಕಿ ನೋಡಿದರು. ನಮ್ಮವರು ಷೋಕೇಸಿನ ದೀಪ ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಸಾರ್ಜೆಂಟ್ ತಲೆದೂಗಿ, “ನಿಮ್ಮ ಮನೆಯ ಸ್ವಿಚ್‌ಗಳು ಬಹಳ ಚೆನ್ನಾಗಿವೆ” ಎಂದು ಎದ್ದು ಹೋದರು.

“ಹೋಗು, ಸ್ಕ್ರೂಡ್ರೈವರ್ ತಗೊಂಡು ಬಾ. ಸ್ವಿಚ್ ಬಿಚ್ಚಿ ಕೊಡೋಣ” ಎಂದರು ನಮ್ಮವರು.

ಆಗ ಚೈತ್ರಮಾಸ. ಪ್ರತಿ ವರ್ಷದಂತೆ ಗೌರಿ ಕೂರಿಸಿ, ಒಂದು ಶುಕ್ರವಾರ ನಾಲ್ಕಾರು ಕನ್ನಡದ ಹೆಂಗಸರನ್ನು ಅರಿಸಿನ ಕುಂಕುಮಕ್ಕೆ ಕರೆದಿದ್ದೆ. ಕೋಸಂಬರಿಗೆ ಬೇಳೆ ನೆನೆಹಾಕುವಾಗ ಹೊಳೆಯಿತು. ಅವರ ಮನೆಯ ರೂಲ್ ಇದ್ದರೆ, ನಮ್ಮ ಮನೆಯದೂ ಒಂದಿದೆಯಲ್ಲ. ಕೆಳಗೆ ಓಡಿ ಸಾರ್ಜೆಂಟರ ಹೆಂಡತಿಯನ್ನೂ ಕರೆದೆ.

ಅವರು ಚರ್ಚಿಗೆ ಹಾಕುವ ಹೂವಿನ ಉದ್ದ ಅಂಗಿಯಲ್ಲಿ ಬಂದರು. ಪಾನಕ ಎರಡು ಲೋಟ ಕುಡಿದರು. “ಹಣೆಗೆ ಬೇಡ, ಕೈಗೆ ಹಚ್ಚು” ಎಂದು ಅರಿಸಿನಕ್ಕೆ ಅಂಗೈ ಒಡ್ಡಿದರು. ಎಲ್ಲರೂ ಹೋದ ಮೇಲೆ ಅವರನ್ನು ಮಣೆಯ ಮೇಲೆ ಕೂರಿಸಿ ಹೇಳಿದೆ: “ಇದು ಮಡಿಲು ತುಂಬೋದು. ಇವತ್ತು ಕೊಡೋದು ನಾನಲ್ಲ, ಗೌರಿ. ತವರಿಗೆ ಬಂದ ಮಗಳು ಬರಿಮಡಿಲಲ್ಲಿ ಹೋಗಬಾರದು. ಮಡಿಲಿಗೆ ಬಿದ್ದಿದ್ದನ್ನ ಬೇಡ ಅನ್ನೋ ಹಾಗಿಲ್ಲ, ವಾಪಸ್ ಕೊಡೋ ಹಾಗೂ ಇಲ್ಲ.”

“ಯಾರು ಮಾಡಿದ್ದು ಈ ರೂಲ್?”

“ನಮ್ಮಜ್ಜಿ.”

“ಗಟ್ಟಿ ಹೆಂಗಸು” ಎಂದು ಅಂಗಿಯ ಮುಂಭಾಗವನ್ನು ಎರಡೂ ಕೈಯಲ್ಲಿ ಹರಡಿ ಹಿಡಿದರು.

ಮೂರು ಬೊಗಸೆ ಅಕ್ಕಿ ಹಾಕಿದೆ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ತೆಂಗಿನಕಾಯಿ ಇಟ್ಟಾಗ ಆಕೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಪರವಾಗಿಲ್ಲ ಎಂದು ಒಪ್ಪಿಕೊಂಡರು. ಕೊನೆಗೆ ಮಡಿಸಿದ ರವಿಕೆಕಣ. ಬಟ್ಟೆಯ ಒಳಗೆ ಗಟ್ಟಿಯಾದದ್ದೇನೋ ಕೈಗೆ ತಾಗಿ ಅವರ ಬೆರಳು ನಿಂತವು. ಬಿಚ್ಚಲಿಲ್ಲ. ಬಟ್ಟೆಯ ಮೇಲಿನಿಂದಲೇ ಸುತ್ತ ಸವರಿ ನೋಡಿದರು.

“ಇದೂ ನಿಮ್ಮ ಗೌರಿಯೇ ಕೊಟ್ಟಿದ್ದಾ?”

“ಹೌದು” ಎಂದೆ. ನಮ್ಮ ಸಿಸ್ಟರ್ ಇದ್ದಿದ್ದರೆ ನನ್ನನ್ನು ಒಂದು ಗಳಿಗೆ ನೋಡಿ, ಆಮೇಲೆ ಸುಳ್ಳನ್ನು ಕೇಳಿಸಿಕೊಳ್ಳದವರ ಹಾಗೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು ಎಂದುಕೊಂಡಿದ್ದೇನೆ.

ಆಕೆ ತಲೆ ತಗ್ಗಿಸಿದರು. ಭುಜ ಕುಲುಕುತ್ತಿದ್ದವು. ಅಳುತ್ತಿದ್ದಾರೆಂದು ಗಾಬರಿಯಾಗಿ ಬಗ್ಗಿ ನೋಡಿದರೆ, ನಗುತ್ತಿದ್ದರು, ಅಳುತ್ತಲೂ ಇದ್ದರು. ಮಡಿಲಿನ ಅಕ್ಕಿ ಒಂದು ಕಾಳೂ ಚೆಲ್ಲದ ಹಾಗೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಆಮೇಲೆ ನಾಲ್ಕು ದಿನ ಕೆಳಗಿನ ಮನೆಯಿಂದ ಸುದ್ದಿಯಿಲ್ಲ. ಸಾರ್ಜೆಂಟ್ ರಸ್ತೆ ದಾಟಿಸುವಾಗ ಎಂದಿನಂತೆ ತಲೆಯಾಡಿಸಿದರು, ಅಷ್ಟೆ. ಇಪ್ಪತ್ತೈದರ ಬೆಳಿಗ್ಗೆ ಲಿತಿಯಾ ಬಾಗಿಲು ಬಡಿದು, “ಆಂಟಿ, ಬೇಗ ರೆಡಿಯಾಗಿ, ಟ್ರೇನ್ ಇದೆ” ಎಂದಳು. ಯಾರು ಹೋಗುತ್ತಿದ್ದಾರೆ, ಯಾರು ಇಲ್ಲ, ಏನೂ ಹೇಳಲಿಲ್ಲ.

ಸಿಟಿಯ ರಸ್ತೆಯ ಅಂಚಿನಲ್ಲಿ ನಾನು, ಲಿತಿಯಾ, ಅವಳಮ್ಮ ಒತ್ತಿಕೊಂಡು ನಿಂತೆವು. ದೊಡ್ಡ ದೊಡ್ಡ ಪಡೆಗಳೆಲ್ಲ ಹೋದ ಮೇಲೆ ಹದಿನೈದಿಪ್ಪತ್ತು ಜನರ ಸಣ್ಣ ಸಾಲೊಂದು ಬಂತು. ಬಿಳೀ ಸುಲುಗಳು, ಹೆಜ್ಜೆಗೊಮ್ಮೆ ಒಟ್ಟಿಗೆ ಅಲೆಯಾಡುವ ಆ ಮೂಲೆಮೂಲೆಯ ಅಂಚು. ಎರಡನೆಯ ಸಾಲಿನ ಕೊನೆಯಲ್ಲಿ ಸಾರ್ಜೆಂಟ್. ಎದೆಯ ಮೇಲೆ ಎರಡು ಪದಕ. ಅವರು ಆಚೀಚೆ ನೋಡಲಿಲ್ಲ. ನೋಡುವವರೂ ಅಲ್ಲ. ನನ್ನ ಪಕ್ಕದಲ್ಲಿ ಆಕೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಎರಡು ಗಾಜಿನ ಬಳೆ ಹೋದವು.

ಮೆರವಣಿಗೆ ಮುಗಿದು ಪಾರ್ಕಿನಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕುಳಿತಾಗ, ಕಡ್ಡಿಯಂತಿದ್ದ ಒಬ್ಬ ಮುದಿ ಕಾರ್ಪೊರಲ್ ಸಾರ್ಜೆಂಟರ ಎದೆಗೆ ಮೂಗು ತಾಗಿಸುವಂತೆ ಬಗ್ಗಿದ. “ಸಿಕ್ಕಿಬಿಡ್ತಲ್ಲ! ಎಲ್ಲಿತ್ತು? ಕಾಲುಚೀಲದಲ್ಲಾ? ಅರೆ, ಬಿಳಿ ಪಟ್ಟಿ ಮೇಲೆ ಏನೋ ಹಳದಿ ಕಲೆ. ಒರೆಸು, ಒರೆಸು.”

ಅರಿಸಿನ. ಪದಕದ ಲೋಹ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಲೆಯನ್ನು ಮಾತ್ರ ಅವರು ಮುಟ್ಟಿರಲಿಲ್ಲ.

ಸಾರ್ಜೆಂಟ್ ಎದ್ದು ನಿಂತರು. ಎಲ್ಲರಿಗೂ ಕೇಳುವಂತೆ, ಪರೇಡಿನ ದನಿಯಲ್ಲಿ ಹೇಳಿದರು: “ಕಳೆದಿರಲಿಲ್ಲ. ನಾನು ಸುಳ್ಳು ಹೇಳಿದ್ದೆ. ಇದನ್ನು ಈ ಮರಾಮಾಗೆ ಕೊಟ್ಟಿದ್ದೆ. ಮರಾಮಾ ಇದನ್ನು ನನ್ನ ಹೆಂಡತಿಗೆ ಕೊಟ್ಟಿದ್ದಾರೆ. ಈಗ ಇದು ಅವಳದು. ನಾನು ಕೇಳಿ ಪಡೆದುಕೊಂಡಿದ್ದೇನೆ.”

“ಒಂದು ದಿನಕ್ಕೆ ಮಾತ್ರ” ಎಂದರು ಅವರ ಹೆಂಡತಿ, ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತಲ್ಲಿಂದಲೇ. “ಸಂಜೆ ಆರು ಗಂಟೆಯೊಳಗೆ ವಾಪಸ್ ಬರಬೇಕು.”

ಇಡೀ ಪಡೆ ಹುಲ್ಲಿನ ಮೇಲೆ ಉರುಳಿ ನಕ್ಕಿತು. ಕಾರ್ಪೊರಲ್ ಕಣ್ಣೊರೆಸಿಕೊಂಡು, “ಅಂತೂ ನಿನ್ನ ಮೇಲೂ ಒಬ್ಬರು ಉಗ್ರಾಣದವರು ಸಿಕ್ಕಿದರಪ್ಪ” ಎಂದ. ಸಾರ್ಜೆಂಟ್ ನಗಲಿಲ್ಲ. ಆದರೆ ಬುತ್ತಿ ಬಿಚ್ಚಿ ಕುಳಿತವರು, ಮರಗೆಣಸು, ಮೀನು, ಮೇಲೆ ನನ್ನ ಡಬ್ಬಿಯ ಪುಳಿಯೋಗರೆ, ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಲಿತಿಯಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಅವತ್ತು ಸಂಜೆ ಆರಕ್ಕೆ ಐದು ನಿಮಿಷವಿದ್ದಾಗ ನಾನು ಅಡುಗೆಮನೆಯ ಕಿಟಕಿ ತೆರೆದಿಟ್ಟೆ. ಕೆಳಗೆ ಬೂಟುಗಳ ಸದ್ದು ಹಾಲಿನಿಂದ ಅಡುಗೆಮನೆಗೆ ನಡೆದು ಬಂತು. ಹಿಮ್ಮಡಿ ಕೂಡಿತು. ಆಮೇಲೆ ಆಕೆಯ ದನಿ: “ತಡಿ, ಕೈ ಒದ್ದೆ. ಇನ್ನೊಂದು ಸ್ವಲ್ಪ ಹೊತ್ತು ಹಾಕ್ಕೊಂಡಿರು.”